ಇಲಿ ಓಡಿಸುವ ದೀಪ

ಮದುವೆಯಾಗಿ ಈ ಮನೆಗೆ ಬಂದು ಇಪ್ಪತ್ತೆಂಟು ವರ್ಷವಾಯಿತು. ಇಷ್ಟು ವರ್ಷದಲ್ಲಿ ನಾನು ಅತ್ತೆಗೆ ಹೇಳಿದ ಸುಳ್ಳುಗಳೆಲ್ಲ ಸಣ್ಣಪುಟ್ಟವು. ಹಾಲು ಉಕ್ಕಿಸಿದ್ದು ನಾನಲ್ಲ, ಬೆಕ್ಕು ಬಾಯಿಟ್ಟ ಮೊಸರನ್ನು ಆಗಲೇ ಚೆಲ್ಲಿದ್ದೇನೆ, ತವರಿನಲ್ಲಿ ಎರಡೇ ದಿನ ಇದ್ದು ಬರುತ್ತೇನೆ, ಇಂಥವು. ಎಲ್ಲವನ್ನೂ ಅವರು ನಿಂತ ಜಾಗದಲ್ಲೇ ಹಿಡಿದುಹಾಕಿದ್ದಾರೆ. ಹಾಗಾಗಿ ನನ್ನ ಜೀವಮಾನದ ಅತಿ ದೊಡ್ಡ ಸುಳ್ಳನ್ನು ಅವರು ಮರುಮಾತಿಲ್ಲದೆ ನಂಬಿದಾಗ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಗೆದ್ದ ಖುಷಿಯಲ್ಲಿದ್ದವರಿಗೆ ಅನುಮಾನ ಎಲ್ಲಿಂದ ಬರಬೇಕು?

ಸುಳ್ಳಿಗೆ ಮೂಲ ಎಂಟು ಗಿಡ. ನಾನು ಪಾಠ ಹೇಳುವ ಶಾಲೆಯಿಂದ ಟೀಚರೊಬ್ಬರು ವರ್ಗವಾಗಿ ಹೋಗುವಾಗ, ಸಾಮಾನಿನ ಲಾರಿಯಲ್ಲಿ ಕುಲುಕಾಡಿ ಸತ್ತಾವು ಎಂದು ಅವನ್ನು ನನ್ನ ಕೈಗೊಪ್ಪಿಸಿದರು. ಸಕ್ಯುಲೆಂಟ್ ಜಾತಿಯ ಗಿಡಗಳು. ಎಲೆಯೊಳಗೇ ನೀರು ತುಂಬಿಕೊಂಡು ದಪ್ಪಗೆ, ಗುಂಡಗೆ, ಹೂವಿನ ಹಾಗೆ ಸುತ್ತುಸುತ್ತಾಗಿ ಕೂತಿರುತ್ತವೆ. ಒಂದು ಬೂದು ಬಣ್ಣದ್ದು, ಒಂದಕ್ಕೆ ಗುಲಾಬಿ ಅಂಚು, ಮತ್ತೊಂದರ ಎಲೆ ಕಡಲೆಕಾಳಿನಷ್ಟೇ ಇತ್ತು. "ಇವಕ್ಕೆ ಬೇಕಾದ್ದು ಎರಡೇ ಕಣ್ರೀ. ಬೆಳಕು ಜಾಸ್ತಿ, ನೀರು ಕಮ್ಮಿ" ಎಂದು ಹೇಳಿ ಆಕೆ ಬಸ್ಸು ಹತ್ತಿದರು.

ನಮ್ಮ ಮನೆಯಲ್ಲಿರುವುದು ಇದರ ತಿರುಗುಮುರುಗು. ತುರುವೇಕೆರೆಯಿಂದ ದಬ್ಬೇಘಟ್ಟದ ಕಡೆಗೆ ಹೋಗುವ ಬಸ್ಸಿನ ದಾರಿಯಲ್ಲಿ, ತೆಂಗಿನ ತೋಟದ ಒಳಗೇ ನಮ್ಮ ಮನೆ. ಮರಗಳನ್ನು ಮಾವನವರ ಅಪ್ಪ ಮನೆಗೆ ಒತ್ತಿಕೊಂಡ ಹಾಗೇ ನೆಡಿಸಿದ್ದಾರೆ. ಮಧ್ಯಾಹ್ನದ ಹೊತ್ತು ಅಂಗಳಕ್ಕೆ ಒಂದಿಷ್ಟು ಬಿಸಿಲು ಬಂದು, ಯಾರೋ ಕರೆದರೆಂಬಂತೆ ಹೊರಟುಹೋಗುತ್ತದೆ. ಆ ಅಂಗಳದಲ್ಲಿ ಗಿಡ ಇಟ್ಟ ಮೊದಲ ದಿನವೇ ಒಂದರ ಮೇಲೆ ಒಣಗಿದ ಗರಿ ಬಿದ್ದು ಕುಂಡ ಸಮೇತ ಚಪ್ಪಟೆಯಾಯಿತು. ಎರಡನೇ ದಿನ ಚಿಕ್ಕನಾಯಕನಹಳ್ಳಿ ಕಡೆಯ ಕುರಿಮಂದೆ ಹಾದುಹೋಗುವುದು ಕಂಡು, ಉಳಿದ ಏಳನ್ನೂ ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ತಂದು ಪಡಸಾಲೆಯ ಕಿಟಕಿಯಲ್ಲಿಟ್ಟೆ.

ಒಳಗೆ ಗರಿ ಬೀಳುವುದಿಲ್ಲ, ಕುರಿ ಬರುವುದಿಲ್ಲ. ಆದರೆ ನೆಂಟರು ಬರುತ್ತಾರೆ. ನಮ್ಮ ಕಡೆ ಬಂದವರಿಗೆ ಮೊದಲು ಒಂದು ಚೊಂಬು ನೀರು ಕೊಡುತ್ತೇವೆ. ಕುಡಿದು ಉಳಿದ ನೀರನ್ನು ಸುಮ್ಮನೆ ನೆಲಕ್ಕೆ ಚೆಲ್ಲುವಂತಿಲ್ಲ, ಯಾವುದಾದರೂ ಗಿಡದ ಬುಡಕ್ಕೆ ಹಾಕಬೇಕು. ಮನೆಯೊಳಗೇ ಗಿಡ ಇರುವುದು ಕಂಡು ನೆಂಟರಿಗೆ ಭಾರಿ ಅನುಕೂಲವಾಯಿತು. ಕೂತಲ್ಲಿಂದಲೇ ಕೈಚಾಚಿ ಸುರಿದು ಪುಣ್ಯ ಕಟ್ಟಿಕೊಂಡರು. ಕೆಲಸಕ್ಕೆ ಬರುವವಳು ಸುರಿದಳು, ಹಾಲು ಹಾಕುವವನು ಸುರಿದ, ಅತ್ತೆಯಂತೂ ದಿನಕ್ಕೆರಡು ಸಲ ಸುರಿದರು. "ನೀರು ಹಾಕಬೇಡಿ" ಎಂದು ದಪ್ಪಕ್ಷರದಲ್ಲಿ ಬರೆದು ಅಂಟಿಸಿದೆ. ನಮ್ಮ ಯಜಮಾನರ ಸೋದರಮಾವ ಅದನ್ನು ಗಟ್ಟಿಯಾಗಿ ಓದಿ, "ಪಾಪ, ಯಾರೋ ಹೊಟ್ಟೆಕಿಚ್ಚಿನೋರು ಬರ್ದವ್ರೆ" ಎಂದು ಇಡೀ ಚೊಂಬನ್ನೇ ಬಗ್ಗಿಸಿದರು. ಎರಡು ಗಿಡ ಬುಡ ಕೊಳೆತು ಗೊಜ್ಜಾದವು.

ಉಳಿದ ಐದು ಬೇರೆಯೇ ವರಸೆ ತೆಗೆದವು. ಗುಂಡಗೆ ಕೂತಿದ್ದವು ಎದ್ದು ನಿಂತು, ಕಿಟಕಿಯ ಕಡೆಗೆ ಕತ್ತು ಉದ್ದ ಮಾಡತೊಡಗಿದವು. ಎಲೆಗೂ ಎಲೆಗೂ ನಡುವೆ ಬೆರಳು ತೂರುವಷ್ಟು ಸಂದಿ. ನಾನು ಫೋನಿನಲ್ಲಿ ಹುಡುಕಾಡುತ್ತಾ ತಲೆಕೆಡಿಸಿಕೊಂಡಿದ್ದಾಗ ಅತ್ತೆ ಬಂದು ಒಂದು ಗಿಡವನ್ನು ತಿರುಗಿಸಿ ನೋಡಿದರು.

"ಬಿಸಿಲು ಹುಡುಕ್ತಾ ಅವೆ ಕಣೇ. ದೊಡ್ಡ ಮರದ ನೆಳ್ಳಾಗೆ ನೆಟ್ಟ ತೆಂಗಿನ ಸಸಿ ಹಿಂಗೇ ಕತ್ತು ಚಾಚ್ತದೆ. ಮಕ್ಕಳಿಗೆ ಪಾಠ ಹೇಳೋಳು ನೀನು, ಇಷ್ಟು ತಿಳೀಲಿಲ್ವಾ?"

ಅವರು ಹೇಳಿದ್ದು ನೂರಕ್ಕೆ ನೂರು ಸರಿಯಿತ್ತು. ಅದಕ್ಕೇ ನನಗೆ ಸಿಟ್ಟು ಬಂತು.

ಮನೆಯೊಳಗೆ ಬಿಸಿಲು ತರಲು ಒಂದು ದಾರಿಯಿದೆ ಎಂದು ಆ ಹೊತ್ತಿಗೆ ಫೋನು ಹೇಳಿತ್ತು. ಗ್ರೋ ಲೈಟ್ ಅಂತ. ಬಿಸಿಲಿನಲ್ಲಿ ಗಿಡಕ್ಕೆ ಮುಖ್ಯವಾಗಿ ಬೇಕಾದ ಕೆಂಪು, ನೀಲಿ ಬೆಳಕನ್ನು ಈ ದೀಪ ಕೊಡುತ್ತದೆ, ದಿನಕ್ಕೆ ಹತ್ತು ಹನ್ನೆರಡು ಗಂಟೆ ಉರಿಸಿದರೆ ಗಿಡ ಬಿಸಿಲಿನಲ್ಲೇ ಇದ್ದೇನೆಂದು ನಂಬಿಬಿಡುತ್ತದೆ. ಗಿಡಕ್ಕೂ ಸುಳ್ಳು ಹೇಳಬಹುದು ಎನ್ನುವುದು ನನಗೆ ತುಂಬ ಹಿಡಿಸಿತು. ಶನಿವಾರ ಶಾಲೆ ಬಿಟ್ಟಮೇಲೆ ತಿಪಟೂರಿಗೆ ಹೋದೆ. ಬಸ್‌ಸ್ಟ್ಯಾಂಡಿನ ಹತ್ತಿರ ಮಿಕ್ಸಿ, ಫ್ಯಾನು ರಿಪೇರಿ ಮಾಡುವ ಸಾಹೇಬರೊಬ್ಬರಿದ್ದಾರೆ, ನಮ್ಮ ಮನೆಯ ಪಂಪಿನ ಸ್ಟಾರ್ಟರಿನಿಂದ ಹಿಡಿದು ನನ್ನ ಇಸ್ತ್ರಿಪೆಟ್ಟಿಗೆಯವರೆಗೆ ಎಲ್ಲದರ ಜಾತಕ ಬಲ್ಲವರು.

"ಕೋಳಿಮರಿಗೆ ಬಲ್ಬು ಕಟ್ಕೊಟ್ಟಿದೀನಿ ಮೇಡಂ. ಗಿಡಕ್ಕೆ ಇದೇ ಫಸ್ಟು" ಎಂದರು. ಆದರೂ ಒಂದು ವಾರದಲ್ಲಿ ಎಲ್ಲಿಂದಲೋ ಕೆಂಪು ನೀಲಿ ಎಲ್‌ಇಡಿ ಪಟ್ಟಿ ತರಿಸಿ, ಮೊಳದುದ್ದದ ಹಲಗೆಗೆ ಕೂರಿಸಿ, ತೂಗುಹಾಕಲು ಸರಪಣಿಯನ್ನೂ ಕಟ್ಟಿಕೊಟ್ಟರು.

ಹಾಕಿದ ಸಂಜೆ ಪಡಸಾಲೆಯೆಲ್ಲ ನೇರಳೆಯಾಯಿತು. ಗೋಡೆಯ ಮೇಲಿನ ಮಾವನವರ ಫೋಟೋ ಕೂಡ ನೇರಳೆ ಹಣ್ಣು ತಿಂದವರಂತೆ ಕಂಡಿತು. ಕಿಟಕಿ ಇರುವುದು ಬಸ್ಸಿನ ದಾರಿಗೆ. ಮೂರನೆಯ ದಿನಕ್ಕೆ ಬಸ್ಸಿನ ಕಂಡಕ್ಟರು ನಮ್ಮ ಸ್ಟಾಪಿಗೆ ಹೊಸ ಹೆಸರಿಟ್ಟ. "ಲೈಟ್‌ಮನೆ ಯಾರ್ರೀ, ಇಳ್ಕಳಿ" ಎಂದು ಅವನು ಕೂಗಿದಾಗ ಇಳಿಯಬೇಕಾದವಳು ನಾನೊಬ್ಬಳೇ ಆಗಿದ್ದೆ. ಇಡೀ ಬಸ್ಸು ತಿರುಗಿ ನೋಡಿತು.

ಅತ್ತೆ ಜಗಲಿಯ ಮೇಲೆ ಕೂತು ಒಂದು ವಾರ ಸಹಿಸಿಕೊಂಡರು. ಆಮೇಲೆ ತೀರ್ಪು ಕೊಟ್ಟರು. "ಮನೆ ಮುಂದ್ಗಡೆ ಈ ಬಣ್ಣ ಬ್ಯಾಡ ಕಣೇ. ಹೋಗೋ ಬರೋರೆಲ್ಲ ಒಳಗೆ ನಾಟಕ ಐತೇನೋ ಅಂತ ಬಗ್ಗಿ ನೋಡ್ತಾರೆ."

ಆಗ ನನ್ನ ಕಣ್ಣು ಬಿದ್ದದ್ದು ಅಟ್ಟದ ಮೇಲೆ.

ನಮ್ಮ ಕಡೆಯ ಅಟ್ಟವೆಂದರೆ ಹಳೇ ಪಾತ್ರೆ, ಮುರಿದ ತೊಟ್ಟಿಲು ಎಸೆಯುವ ಜಾಗವಲ್ಲ. ಅದು ಕೊಬ್ಬರಿ ಆಗುವ ಜಾಗ. ಬಲಿತ ತೆಂಗಿನಕಾಯನ್ನು ನಾರಿನ ಮಟ್ಟೆ ಸುಲಿಯದೆ ಅಟ್ಟಕ್ಕೆ ತುಂಬಿ, ಹನ್ನೊಂದು ತಿಂಗಳು ಹಾಗೇ ಬಿಡುತ್ತೇವೆ. ಬಿಸಿಲು ತಾಗಬಾರದು, ಮಳೆಹನಿ ಬೀಳಬಾರದು, ಗಾಳಿ ಮಾತ್ರ ಆಡಬೇಕು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಅವಸರಪಟ್ಟು ಒಡೆದರೆ ಇತ್ತ ಕಾಯಿಯೂ ಅಲ್ಲ, ಅತ್ತ ಕೊಬ್ಬರಿಯೂ ಅಲ್ಲ. ಅಟ್ಟದ ಕಾಯಿ ಯಾವಾಗ ಇಳಿಸಬೇಕು ಎಂದು ಹೇಳುವವರು ನಮ್ಮ ಮನೆಯಲ್ಲಿ ಅತ್ತೆ. ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಇವತ್ತು ಬೇಡ, ಇನ್ನು ಹನ್ನೆರಡು ದಿನ ಎನ್ನುತ್ತಾರೆ. ಹನ್ನೆರಡೆಂದರೆ ಹನ್ನೆರಡೇ. ಸುತ್ತಲಿನ ನಾಲ್ಕೈದು ಮನೆಯವರು ತಮ್ಮ ಕಾಯನ್ನೂ ತಂದು ಅವರ ಕಿವಿಗೆ ತೋರಿಸಿಕೊಂಡು ಹೋಗುತ್ತಿದ್ದರು. ಒಂದು ವರ್ಷವೂ ತಪ್ಪಿದವರಲ್ಲ. ಅವರ ಅಷ್ಟೂ ಜಂಬ ಇದ್ದದ್ದು ಅಲ್ಲೇ.

ನನಗೆ ಕಂಡದ್ದು ಬೇರೆ. ಅಟ್ಟಕ್ಕೆ ನೀರು ಒಯ್ಯುವಂತಿಲ್ಲ ಎಂಬುದು ಈ ಮನೆಯ ಕಾನೂನು. ನೆಂಟರು ಚೊಂಬು ಹಿಡಿದು ಅಟ್ಟ ಹತ್ತುವುದಿಲ್ಲ. ಗಾಳಿ ಇದೆ, ಒಣಹವೆ ಇದೆ, ಹದಿನೈದು ದಿನಕ್ಕೊಮ್ಮೆ ಕುಂಡ ಕೆಳಗಿಳಿಸಿ ನಾನೇ ನೀರುಣಿಸಿದರಾಯಿತು. ಒಂದು ದೀಪವಿದ್ದರೆ ನನ್ನ ಐದು ಗಿಡಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಈ ತಾಲ್ಲೂಕಿನಲ್ಲೇ ಇಲ್ಲ. ಆದರೆ ಅಲ್ಲಿ ಟಾರ್ಚು ಹಾಕಿದರೂ ಗದರುವ ಅತ್ತೆಯನ್ನು ಒಪ್ಪಿಸುವುದು ಹೇಗೆ? ಎರಡು ದಿನ ಯೋಚಿಸಿ ಸುಳ್ಳನ್ನು ಹದ ಮಾಡಿಕೊಂಡೆ.

"ಅತ್ತೆ, ಈ ಲೈಟಿಗೆ ಇಲಿ ಓಡಿಹೋಗ್ತವಂತೆ."

"ಯಾರಂದ್ರು?"

"ತಿಪಟೂರಿನ ಸಾಹೇಬ್ರು."

ಪಾಪ, ಆ ಮನುಷ್ಯರಿಗೆ ಇದು ಇವತ್ತಿಗೂ ಗೊತ್ತಿಲ್ಲ. ಅತ್ತೆ ನನ್ನ ಮುಖವನ್ನು ಒಂದು ಕ್ಷಣ ನೋಡಿದರು, ದೀಪವನ್ನು ನೋಡಿದರು. "ಹಂಗಾರೆ ಅಟ್ಟಕ್ಕೆ ಹಾಕು" ಎಂದರು.

"ಜೊತೆಗೆ ಗಿಡಾನೂ ಇಡ್ಬೇಕಂತೆ. ಲೈಟು ಸರಿಯಾಗಿ ಕೆಲಸ ಮಾಡ್ತಿದೆಯಾ ಅಂತ ಗಿಡ ನೋಡಿ ತಿಳ್ಕೋಬೇಕಂತೆ."

"ಇಡು ಬುಡು. ಆದ್ರೆ ಬೆಳಿಗ್ಗೆ ಸಂಜೆ ನೀನೇ ಹತ್ತಿ ಹಾಕಿ ಆರಿಸ್ಬೇಕು. ನಾನೂ ಜೊತೆಗೆ ಬತ್ತೀನಿ."

ಇಷ್ಟೇ. ನಾನು ಅಡುಗೆಮನೆಗೆ ಹೋಗಿ ಬಾಗಿಲ ಹಿಂದೆ ನಿಂತು ನಕ್ಕೆ. ಮುಂದಿನ ಸಲ ತಿಪಟೂರಿನಿಂದ ಒಂದು ಟೈಮರ್ ತಂದೆ. ಹೊತ್ತಿಗೆ ಸರಿಯಾಗಿ ತಾನೇ ಹಾಕಿ ತಾನೇ ಆರಿಸುವ ಡಬ್ಬಿ. ಅತ್ತೆ ಅದನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ನೋಡಿ, ತಮ್ಮ ಎಲೆಅಡಿಕೆ ಡಬ್ಬಿಯ ಪಕ್ಕ ಇಟ್ಟುಕೊಂಡರು. "ಇದೆಲ್ಲ ಬ್ಯಾಡ. ಮಿಷನ್ನು ಹಾಕಿ ಆರಿಸಿದ್ರೆ ನೀನ್ಯಾಕೆ ಅಟ್ಟ ಹತ್ತೀಯ?" ಎಂದರು. ಹತ್ತದೇ ಇರಲೆಂದೇ ತಂದದ್ದು ಎಂದು ಹೇಳುವ ಹಾಗಿರಲಿಲ್ಲ.

ಹೀಗೆ ದಿನಕ್ಕೆರಡು ಸಲ ನಮ್ಮಿಬ್ಬರ ಮೆರವಣಿಗೆ ಶುರುವಾಯಿತು. ಮುಂದೆ ನಾನು, ಹಿಂದೆ ನನ್ನ ಭುಜ ಹಿಡಿದುಕೊಂಡು ಅತ್ತೆ. ಮೊದಲಿಗೆ ದೀಪವನ್ನು ಗಿಡಕ್ಕೆ ಗೇಣಿಗಿಂತ ಹತ್ತಿರ ತೂಗುಹಾಕಿದ್ದೆ. ಎಲೆಗಳು ಬಿಳಚಿಕೊಂಡವು. ಮೊಳದಷ್ಟು ಮೇಲಕ್ಕೆತ್ತಿದೆ, ಸರಿಹೋದವು. ಹೊಸ ಎಲೆಗಳು ಒತ್ತೊತ್ತಾಗಿ ಬರತೊಡಗಿದವು. ಆದರೆ ಒಮ್ಮೆ ಉದ್ದವಾದ ಕತ್ತು ಮತ್ತೆ ಗಿಡ್ಡವಾಗುವುದಿಲ್ಲ. ಅದಕ್ಕಿರುವ ಮದ್ದೆಂದರೆ ಮೇಲಿನ ತಲೆಯನ್ನು ಕತ್ತರಿಸಿ, ಗಾಯ ಒಣಗಿಸಿ ಬೇರೆ ನೆಡುವುದು. ನಾನು ಬ್ಲೇಡು ತೆಗೆದದ್ದೇ ಅತ್ತೆ ನನ್ನ ರಟ್ಟೆ ಹಿಡಿದರು.

"ಸುಳಿ ಕುಯ್ತೀಯೇನೇ?"

ನಮ್ಮಲ್ಲಿ ಸುಳಿ ಹೋಯಿತೆಂದರೆ ಮರ ಹೋಯಿತೆಂದೇ ಲೆಕ್ಕ. ತೆಂಗಿನ ತಲೆ ಕಡಿದರೆ ಮತ್ತೆ ಚಿಗುರುವುದಿಲ್ಲ. ಇವು ಬದುಕುತ್ತವೆ ಅತ್ತೆ ಎಂದು ಎಷ್ಟು ಹೇಳಿದರೂ ಕೇಳದೆ, ನಾನು ಐದನ್ನೂ ಕತ್ತರಿಸುವವರೆಗೆ ಅವರು ಗೋಡೆಯ ಕಡೆಗೆ ತಿರುಗಿ ನಿಂತಿದ್ದರು. ಎರಡು ದಿನ ನನ್ನ ಕೈಯ ಕಾಫಿ ಕುಡಿಯಲಿಲ್ಲ. ತಲೆಯಿಲ್ಲದ ಐದು ಮೋಟು ಬುಡಗಳನ್ನೂ ಎಸೆಯಲು ಬಿಡದೆ ದೀಪದ ಕೆಳಗೇ ಇಡಿಸಿದರು.

ಅಟ್ಟ ಹತ್ತಿದಾಗಲೆಲ್ಲ ನಡೆಯುತ್ತಿದ್ದ ಇನ್ನೊಂದು ಕೆಲಸವೇ ನನಗೆ ಬೇಜಾರಿನದು. ಅತ್ತೆ ರಾಶಿಯಿಂದ ಒಂದು ಕಾಯಿ ಎತ್ತಿ, ನನ್ನ ಕಿವಿಯ ಹತ್ತಿರ ತಂದು ಅಲ್ಲಾಡಿಸುವರು.

"ಏನಂತದೆ ಹೇಳು."

ಅಟ್ಟದ ಕಾಯಿಗೆ ಮೂರು ಹಂತ. ಮೊದಲು ನೀರು ಬುಳುಬುಳು ಎನ್ನುತ್ತದೆ. ಆಮೇಲೆ ನೀರು ಇಂಗಿ, ತಿರುಳು ಇನ್ನೂ ಚಿಪ್ಪನ್ನು ಹಿಡಿದುಕೊಂಡಿರುವಾಗ ಏನೂ ಸದ್ದಿಲ್ಲ. ಕೊನೆಗೆ ಉಂಡೆ ಬಿಟ್ಟುಕೊಂಡು ಗೊಟಗೊಟ ಎನ್ನುತ್ತದೆ. ಇದನ್ನು ಇಪ್ಪತ್ತೆಂಟು ವರ್ಷದಲ್ಲಿ ಒಂದು ದಿನವೂ ನನಗೆ ಹೇಳಿಕೊಡದವರು ಈಗ ದಿನಾ ಪರೀಕ್ಷೆ ಮಾಡುತ್ತಿದ್ದರು. "ನೀರು" ಎನ್ನುತ್ತಿದ್ದೆ. "ಎಷ್ಟು?" "ಅರ್ಧ." "ಹೂಂ" ಎಂದು ಕಾಯಿ ಇಡುವರು. ಸರಿ ಎನ್ನುತ್ತಿರಲಿಲ್ಲ, ತಪ್ಪು ಎನ್ನುತ್ತಿರಲಿಲ್ಲ. ದಿನವಿಡೀ ಮಕ್ಕಳಿಗೆ ಪ್ರಶ್ನೆ ಕೇಳಿ ಸುಸ್ತಾಗಿ ಬಂದವಳಿಗೆ, ಮಾರ್ಕು ಕೊಡದ ಈ ಮೇಷ್ಟರ ಮೇಲೆ ಒಳಗೊಳಗೇ ಉರಿಯುತ್ತಿತ್ತು.

ಕಾಯಿ ಅಟ್ಟ ಸೇರಿ ಒಂಬತ್ತು ತಿಂಗಳಾಗಿತ್ತು. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಅತ್ತೆ ಮಗನ ಎದುರು, "ಅಟ್ಟದಾಗೆ ಕೊಬ್ಬರಿ ಬುಟ್ಟು, ಉಪ್ಪಿನಕಾಯಿಗೂ ಬರ್ದೇ ಇರೋ ಗಿಡ ಸಾಕವ್ಳೆ" ಎಂದರು. ಇವರು ಅನ್ನ ನೆತ್ತಿಗೇರುವಷ್ಟು ನಕ್ಕರು. ನಾನು ನಗಲಿಲ್ಲ. ಆ ಸಂಜೆ ಅತ್ತೆ ಅಲ್ಲಾಡಿಸಿದ ಕಾಯಲ್ಲಿ ನೀರು ಚೆನ್ನಾಗಿಯೇ ಬುಳುಬುಳು ಎಂದಿತು. ನಾನು ಮುಖ ಗಂಭೀರ ಮಾಡಿಕೊಂಡು, "ಗೊಟಗೊಟ ಅಂತಿದೆ ಅತ್ತೆ" ಎಂದೆ.

ಕಿವಿಯೇನು ಕಿವುಡಾ ಎಂದು ಬೈಯುತ್ತಾರೆ, ನಾನು ನಗುತ್ತೇನೆ, ಲೆಕ್ಕ ಚುಕ್ತಾ ಆಗುತ್ತದೆ ಎಂದುಕೊಂಡಿದ್ದೆ. ಅವರು ಬೈಯಲಿಲ್ಲ. "ಇಷ್ಟು ಬೇಗನಾ?" ಎಂದು ಇನ್ನೊಂದು ಮೂಲೆಯ ಕಾಯಿ ತಂದರು. ಅದೂ ಗೊಟಗೊಟ ಎಂದೆ. ಓಹೋ, ಇವರೂ ಆಟಕ್ಕಿಳಿದಿದ್ದಾರೆ ಅನ್ನಿಸಿತು. ಮರುದಿನವೂ ಗೊಟಗೊಟ. ಅದರ ಮರುದಿನವೂ. "ಈ ವರ್ಷ ಸೆಕೆ ಜಾಸ್ತಿ ಇತ್ತಲ್ಲ, ಅದ್ಕೇ ಇರ್ಬೇಕು" ಎಂದು ಅತ್ತೆ ತಮ್ಮಷ್ಟಕ್ಕೆ ಹೇಳಿಕೊಂಡರು. ಎಂಥ ನಟನೆ ಎಂದು ನಾನು ಮನಸ್ಸಿನಲ್ಲೇ ಮೆಚ್ಚಿದೆ. ಭಾನುವಾರಕ್ಕೆ ಕಾಯಿ ಸುಲಿಯುವವರಿಗೆ ಬರಲು ಹೇಳಿಕಳಿಸಿದ್ದೇನೆ ಎಂದಾಗಲೂ, ನನ್ನನ್ನು ಹೆದರಿಸಿ ಬಾಯಿಬಿಡಿಸುವ ಉಪಾಯ ಇದು ಎಂದೇ ತಿಳಿದೆ. ಯಾರು ಮೊದಲು ಸೋಲುತ್ತಾರೋ ನೋಡೋಣ ಎಂದು ಹಟ ಹಿಡಿದು ಕೂತೆ.

ಭಾನುವಾರ ಬೆಳಿಗ್ಗೆ ಸುಲಿಯುವವರು ನಿಜಕ್ಕೂ ಬಂದರು. ಆರು ಜನ. ಅಂಗಳದಲ್ಲಿ ಕಬ್ಬಿಣದ ಮೊನೆಗಳನ್ನು ನೆಟ್ಟರು. ಅತ್ತೆ ಇಸ್ತ್ರಿ ಮಾಡಿದ ಸೀರೆಯುಟ್ಟು, ಹಣೆಗೆ ವಿಭೂತಿ ಹಚ್ಚಿ, ಜಗಲಿಯ ಮೇಲೆ ಹೆಣ್ಣಿನ ಕಡೆಯ ಹಿರಿಯರಂತೆ ಕೂತಿದ್ದರು. ಅವರ ಮುಖದಲ್ಲಿ ಆಟದ ಗುರುತೇ ಇರಲಿಲ್ಲ.

ತಂಡದ ಹಿರಿಯ ಅಟ್ಟದಿಂದ ಒಂದು ಬುಟ್ಟಿ ಇಳಿಸಿ, ಮೊನೆಗೆ ಹಾಕುವ ಮುಂಚೆ ಅಭ್ಯಾಸಬಲದಿಂದ ಕಾಯಿಯನ್ನು ಅಲ್ಲಾಡಿಸಿದ. ಕೈ ನಿಲ್ಲಿಸಿದ. ಇನ್ನೊಂದನ್ನು ಎತ್ತಿಕೊಂಡ.

"ಅಮ್ಮಾರೆ, ಇದ್ರಾಗೆ ಇನ್ನೂ ನೀರೈತೆ."

"ಯಾವ್ದೋ ಒಂದೆರಡಿರ್ತವೆ. ನೋಡಪ್ಪ ಬೇರೇದ."

ಅವನು ನಾಲ್ಕು ನೋಡಿದ, ಐದು ನೋಡಿದ. ಕೊನೆಗೆ ಒಂದನ್ನು ಹಿಡಿದುಕೊಂಡು ಜಗಲಿಯ ಹತ್ತಿರ ಬಂದು, ಅತ್ತೆಯ ಕಿವಿಯ ಪಕ್ಕ ಅಲ್ಲಾಡಿಸಿದ. ಅವನ ಮನಸ್ಸಿನಲ್ಲಿ ಏನೂ ಇರಲಿಲ್ಲ. "ಕೇಳಿ ಅಮ್ಮಾರೆ. ಬುಳುಬುಳು ಅಂತೈತಲ್ಲ. ಕೇಳ್ತಿಲ್ವಾ?"

ಆರು ಅಡಿ ದೂರ ನಿಂತಿದ್ದ ನನಗೂ ಕೇಳಿಸಿತು. ಅತ್ತೆಗೆ ಕೇಳಿಸಲಿಲ್ಲ. ಅವರು ಅವನ ಮುಖ ನೋಡಿದರು, ಕಾಯಿ ನೋಡಿದರು, ಆಮೇಲೆ ತಿರುಗಿ ನನ್ನನ್ನು ನೋಡಿದರು. ಸಿಟ್ಟಿನಿಂದ ನೋಡಿದ್ದರೆ ತಡೆದುಕೊಳ್ಳುತ್ತಿದ್ದೆ. ಅದು ದಾರಿ ಗೊತ್ತಿಲ್ಲದ ಊರಿನಲ್ಲಿ ಬಸ್ಸಿಳಿದವರ ನೋಟ.

ಎಲ್ಲವೂ ಒಟ್ಟಿಗೇ ಅರ್ಥವಾಯಿತು. ಪರೀಕ್ಷೆ ಪರೀಕ್ಷೆಯೇ ಆಗಿರಲಿಲ್ಲ. ಅವರು ದಿನಾ ಕೇಳುತ್ತಿದ್ದದ್ದು ತಮಗೆ ಗೊತ್ತಿಲ್ಲದ್ದನ್ನೇ. ಎದುರು ನಿಂತು ಆಡಿದ ಮಾತು ಅವರಿಗೆ ಕೇಳುತ್ತಿತ್ತು, ಸಣ್ಣ ಸದ್ದುಗಳು ಮಾತ್ರ ಯಾವಾಗಲೋ ಹೊರಟುಹೋಗಿದ್ದವು. ಅವರ ಪಾಲಿಗೆ ಅಟ್ಟದ ಅಷ್ಟೂ ಕಾಯಿಗಳು ಸದ್ದಿಲ್ಲದ ಹಂತದಲ್ಲೇ ನಿಂತುಬಿಟ್ಟಿದ್ದವು. ಅದನ್ನು ಯಾರಿಗೂ ಹೇಳಲಾರದೆ ನನ್ನ ಕಿವಿಯನ್ನು ಎರವಲು ತೆಗೆದುಕೊಂಡಿದ್ದರು. ನಾನು ಆ ಕಿವಿಯಲ್ಲಿ ಚೇಷ್ಟೆ ಮಾಡಿದ್ದೆ.

ಸುಲಿಯುವವರೆಲ್ಲ ಕೈ ನಿಲ್ಲಿಸಿ ನೋಡುತ್ತಿದ್ದರು. ಸಂಜೆಯೊಳಗೆ ಇದು ದಬ್ಬೇಘಟ್ಟದವರೆಗೂ ಹೋಗುತ್ತಿತ್ತು. ಆ ಹೆಂಗಸಿನ ಕಿವಿ ಹೋಯಿತಂತೆ ಎನ್ನುವುದು ಒಂದು ಸಲ ಬಾಯಿಗೆ ಬಿದ್ದರೆ, ಇನ್ನು ಯಾರೂ ಅವರ ಹತ್ತಿರ ಕಾಯಿ ತರುವುದಿಲ್ಲ. ನಾನು ಅಂಗಳಕ್ಕೆ ಇಳಿದೆ.

"ತಪ್ಪು ಅತ್ತೇದಲ್ಲಪ್ಪ, ನಂದು. ಅಟ್ಟದಲ್ಲಿ ನನ್ನ ಗಿಡಕ್ಕೆ ಲೈಟು ಹಾಕಿದೀನಿ. ಅದರ ಕೆಳಗಿದ್ದ ನಾಲ್ಕೈದು ಕಾಯಿ ಬೇಗ ಒಣಗಿದ್ವು. ನಾನು ದಿನಾ ಅವನ್ನೇ ಎತ್ತಿ ಅತ್ತೆ ಕೈಗೆ ಕೊಡ್ತಿದ್ದೆ. ಅವರೇನು ಮಾಡ್ತಾರೆ?"

ಅವನು ನನ್ನನ್ನೂ ಅಟ್ಟವನ್ನೂ ನೋಡಿದ. ಅವನ ಕಣ್ಣು ಅರಳಿತು. "ಹಂಗಾರೆ ಆ ಲೈಟಿಗೆ ಕೊಬ್ಬರಿ ಬೇಗ ಆಯ್ತದಾ ಅಕ್ಕಾರೆ?"

ಒಂದು ಸುಳ್ಳನ್ನು ಸಾಕಲು ಇನ್ನೊಂದು ಬೇಕೇ ಬೇಕು. ಈ ತಾಲ್ಲೂಕಿನ ಅಟ್ಟಗಳೆಲ್ಲ ನೇರಳೆಯಾಗುವುದು ಕಣ್ಣ ಮುಂದೆ ಬಂದು, "ಆಗುತ್ತೆ. ಆದ್ರೆ ಕೊಬ್ಬರಿ ಒಳಗೆಲ್ಲ ನೇರಳೆ ಬಣ್ಣಕ್ಕೆ ತಿರುಗುತ್ತೆ, ಯಾರೂ ಮುಟ್ಟಲ್ಲ" ಎಂದೆ. ಅವನು ಮುಖ ಸಿಂಡರಿಸಿಕೊಂಡು ಕಾಯನ್ನು ಬುಟ್ಟಿಗೆ ಹಾಕಿದ. ಉಪ್ಪಿಟ್ಟು ಕಾಫಿ ಆಯಿತು, ಇಳಿಸಿದ ಬುಟ್ಟಿಯನ್ನು ವಾಪಸು ಹತ್ತಿಸಿದರು, ಮೊನೆಗಳನ್ನು ಕಿತ್ತುಕೊಂಡು ಹೋದರು. ನಮ್ಮ ಯಜಮಾನರು ಮಧ್ಯಾಹ್ನವಿಡೀ ನನ್ನ ಗಿಡದ ಹುಚ್ಚಿನ ಬಗ್ಗೆ ಭಾಷಣ ಮಾಡಿದರು. ಅಮ್ಮ ಯಾವತ್ತೂ ತಪ್ಪಿದವರಲ್ಲ, ನಿನ್ನಿಂದ ಅವರ ಹೆಸರು ಕೆಡುತ್ತಿತ್ತು ಎಂದರು. ಮದುವೆಯಾದಾಗಿನಿಂದ ಮೊದಲ ಸಲ ನಾನು ಒಂದು ಮಾತೂ ತಿರುಗಿ ಆಡಲಿಲ್ಲ. ಅವರಿಗೇ ಗಾಬರಿಯಾಗಿ, ಜ್ವರವೇನಾದರೂ ಬಂದಿದೆಯಾ ಎಂದು ಕೇಳಿದರು.

ಸಂಜೆ ದೀಪ ಆರಿಸುವ ಹೊತ್ತಿಗೆ ಅತ್ತೆ ಎಂದಿನಂತೆ ನನ್ನ ಭುಜ ಹಿಡಿದು ಅಟ್ಟ ಹತ್ತಿದರು. ಒಂದು ಕಾಯಿಯ ಮೇಲೆ ಕೂತುಕೊಂಡರು. ತಪ್ಪಾಯಿತು ಎಂದು ನಾನು ಬಾಯಿ ತೆರೆಯುವ ಮೊದಲೇ ಶುರುಮಾಡಿದರು.

"ಇಲಿ ಎಲ್ಲೇ ಓಡ್ದವು? ಮೊನ್ನೆ ನಿನ್ನ ಲೈಟಿನ ಕೆಳಗೇ ಕೂತ್ಕಂಡು ಮೀಸೆ ತೀಡ್ಕಂತಿತ್ತು."

"ಗೊತ್ತಿತ್ತಾ ಅತ್ತೆ?"

"ಮೊದ್ಲ ದಿನಾನೇ ಗೊತ್ತಿತ್ತು. ಸುಳ್ಳೇಳ್ವಾಗ ನೀನು ಬಲಗಿವಿ ಮುಟ್ಕಂತೀಯ. ಮದ್ವೆಯಾಗಿ ಬಂದಾಗಿಂದ ನೋಡ್ತಿವ್ನಿ." ಪಕ್ಕದ ಕಾಯಿಯೊಂದರ ದೂಳನ್ನು ಸೆರಗಿನಿಂದ ಒರೆಸುತ್ತಾ ಹೇಳಿದರು. "ಎರಡು ವರ್ಷ ಆಯ್ತು ಕಣೇ ಕಿವಿ ಹೋಗಿ. ಹೋದ್ಸಲ ಕೈಯಾಗೆ ಅಂದಾಜು ಮಾಡ್ದೆ, ಹೆಂಗೋ ಆಯ್ತು. ಈ ಸಲ ಕೈಯೇ ಗೊಟಗೊಟ ಅಂತದೆ." ಎರಡೂ ಕೈ ಮುಂದೆ ಚಾಚಿ ತೋರಿಸಿದರು. ಅವು ಸಣ್ಣಗೆ ನಡುಗುತ್ತಿದ್ದವು. "ನಿನ್ನನ್ನ ಅಟ್ಟಕ್ಕೆ ಹೆಂಗೆ ಹತ್ಸೋದು ಅಂತ ನಾನು ಯೋಚ್ನೆ ಮಾಡ್ತಿದ್ದೆ. ನೀನೇ ಇಲಿ ಕತೆ ತಗಂಡು ಬಂದೆ."

ಬಾಗಿಲ ಹಿಂದೆ ನಿಂತು ನಕ್ಕದ್ದು ನೆನಪಾಯಿತು. ಆ ಹೊತ್ತಿಗೆ ಇವರು ಜಗಲಿಯ ಮೇಲೆ ಕೂತು ನಕ್ಕಿರಬೇಕು.

"ಮತ್ತೆ ಕಾಯಿ ವಿಷಯ ಸುಳ್ಳು ಅಂತ ಯಾಕೆ ಗೊತ್ತಾಗ್ಲಿಲ್ಲ?" ಎಂದೆ.

"ಈ ನೇರಳೆ ಬೆಳಕ್ನಾಗೆ ನಿನ್ನ ಮುಖ ಕಿವಿ ಒಂದೂ ಸರಿಯಾಗಿ ಕಾಣಾಕಿಲ್ಲ. ಅದೂ ಅಲ್ದೆ, ಕಾಯಿ ವಿಷ್ಯಕ್ಕೆ ಸುಳ್ಳೇಳ್ತೀಯ ಅಂತ ನಾನು ಅನ್ಕಂಡಿರ್ಲಿಲ್ಲ." ಕಾಲ ಬಳಿ ಉರುಳಿದ್ದ ಕಾಯಿಯೊಂದನ್ನು ರಾಶಿಗೆ ಸರಿಸಿದರು. "ಬ್ಯಾರೆ ಏನಕ್ಕಾದ್ರೂ ಹೇಳ್ಕೊ. ಹಾಲು ಉಕ್ಕಿಸು, ತವರ್ಮನೇಲಿ ಹತ್ತು ದಿನ ಕೂತ್ಕೊ. ಕಾಯಿ ವಿಷ್ಯಕ್ಕೆ ಬ್ಯಾಡ."

ನಾನು ಅತ್ತೆ ಎನ್ನಲು ಹೋದೆ, ಅಳು ಬಂತು. ಅವರು ಅದನ್ನು ನೋಡದವರಂತೆ ಎದ್ದು ಗಿಡಗಳ ಹತ್ತಿರ ಬಗ್ಗಿದರು. ಅವರ ಕಣ್ಣು ಇವತ್ತಿಗೂ ಸೂಜಿಗೆ ದಾರ ಪೋಣಿಸುವಂಥದ್ದು. "ಇಲ್ನೋಡೇ" ಎಂದರು. ನಾನು ತಲೆ ಕತ್ತರಿಸಿದ ಮೋಟು ಬುಡವೊಂದರ ಪಕ್ಕದಲ್ಲಿ, ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದಾಗಿ ಎರಡು ಮರಿಗಳು ಹೊರಟಿದ್ದವು. "ಸುಳಿ ಹೋದ್ರೂ ಬದುಕ್ತವಲ್ಲೇ ಇವು" ಎಂದು ಬೆರಳು ತಾಗಿಸದೆ ಬಹಳ ಹೊತ್ತು ನೋಡಿದರು.

ಡಾಕ್ಟರ ಹತ್ತಿರ ಹೋಗೋಣ, ಕಿವಿಗೆ ಹಾಕುವ ಮಿಷನ್ನು ಬಂದಿದೆ ಎಂದೆ. ಈ ಸಲದ ಕಾಯಿ ಅಟ್ಟ ಇಳಿದ ಮೇಲೆ ನೋಡೋಣ, ಅಲ್ಲಿಯವರೆಗೆ ಮಗನಿಗೂ ಹೇಳಬೇಡ ಎಂದರು. ಜೊತೆಗೆ ಒಂದು ಅಪ್ಪಣೆಯೂ ಆಯಿತು. ಆ ದೀಪ ಬದಲಾಯಿಸಬೇಕು, ನನ್ನ ಮುಖ ಕಾಣುವಂಥದ್ದು ಹಾಕಬೇಕು. ತಿಪಟೂರಿನ ಸಾಹೇಬರನ್ನು ಕೇಳಿದೆ. ಗಿಡಕ್ಕೆ ಬಿಳಿ ದೀಪವೂ ಬರುತ್ತದೆ ಮೇಡಂ, ಅದರಲ್ಲೂ ಬೇಕಾದ ಬೆಳಕೆಲ್ಲ ಇರುತ್ತದೆ ಎಂದರು. ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದರೆ, "ನೀವು ಕಲರ್ ಕೇಳಿದ್ರಿ" ಎಂದು ನಕ್ಕರು. ಈಗ ಅಟ್ಟದಲ್ಲಿ ಹಗಲಿನಂಥ ಬೆಳಕು. ಗಿಡಗಳು ಚೆನ್ನಾಗಿಯೇ ಇವೆ. ಕಂಡಕ್ಟರು ಮಾತ್ರ ಇನ್ನೂ ಲೈಟ್‌ಮನೆ ಎಂದೇ ಕೂಗುತ್ತಾನೆ.

ಆಮೇಲೆ ಎರಡು ತಿಂಗಳು ನಾವು ಹಾಗೇ ಹತ್ತಿ ಇಳಿದೆವು. ನೀರು ಎಂದೆ, ಕಮ್ಮಿ ನೀರು ಎಂದೆ, ಸದ್ದಿಲ್ಲ ಎಂದೆ. ಒಂದು ಬೆಳಿಗ್ಗೆ ಅತ್ತೆ ಮೂಡಣ ಮೂಲೆಯ ಕಾಯಿ ಎತ್ತಿ ನನ್ನ ಕಿವಿಯ ಹತ್ತಿರ ಅಲ್ಲಾಡಿಸಿದರು. ಒಳಗೆ ಉಂಡೆ ಚಿಪ್ಪಿಗೆ ತಾಗಿದ್ದು ಸ್ಪಷ್ಟವಾಗಿ ಕೇಳಿತು. ನಾಲ್ಕೂ ಮೂಲೆಯವನ್ನು ನೋಡಿದೆವು.

"ಏನಂತದೆ?"

"ಗೊಟಗೊಟ ಅಂತಿದೆ ಅತ್ತೆ."

ಅವರು ನನ್ನ ಬಲಗಿವಿಯ ಕಡೆ ನೋಡಲೂ ಇಲ್ಲ. ಕಾಯಿ ಕೆಳಗಿಟ್ಟು, ಸೆರಗು ಸಿಕ್ಕಿಸಿಕೊಂಡು, "ಹಂಗಾರೆ ಹೇಳ್ಕಳಿಸ್ತೀನಿ" ಎಂದು ಏಣಿಯ ಕಡೆ ಹೊರಟರು. ಈ ಮನೆಯಲ್ಲಿ ನನ್ನ ಒಂದು ಮಾತಿಗೆ ಯಾರೂ ಅಷ್ಟು ಬೇಗ ಎದ್ದು ಹೊರಟದ್ದಿಲ್ಲ. ನನಗೆ ಭಯವಾಯಿತು.

"ಒಂದ್ನಿಮಿಷ ತಾಳಿ ಅತ್ತೆ" ಎಂದು ರಾಶಿಯಿಂದ ಇನ್ನೊಂದು ಕಾಯಿ ಎತ್ತಿ ಅಲ್ಲಾಡಿಸಿ ನೋಡಿದೆ. ಆಮೇಲೆ ಮತ್ತೊಂದು. ಅವರು ಏಣಿಯ ಹತ್ತಿರ ನಿಂತು ಕಾದರು.